ಮೆಮೊರಿ ಕಾರ್ಡಿನ ಕಾಲ

ಮತ್ಸ್ಯಗಂಧ ಎಕ್ಸ್‌ಪ್ರೆಸ್ ಚಿಪ್ಳೂಣ್ ದಾಟಿ ರತ್ನಾಗಿರಿಯ ಕಡೆ ಹೊರಟಿತೆಂದರೆ ಬೋಗಿಯಲ್ಲಿ ಒಂದು ಬದಲಾವಣೆ ಕಾಣುತ್ತದೆ. ಕುರ್ಲಾದಿಂದ ಮೊಬೈಲಿನಲ್ಲಿ ಮುಖ ಹುದುಗಿಸಿದ್ದ ಜನ ಒಬ್ಬೊಬ್ಬರಾಗಿ ತಲೆ ಎತ್ತತೊಡಗುತ್ತಾರೆ. ಸುರಂಗಗಳು ಶುರುವಾಗಿರುತ್ತವೆ. ಪರದೆಯ ಮೇಲೆ ಬಿಳಿ ಚಕ್ರ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ರೋಹಾದಿಂದ ತೋಕೂರಿನವರೆಗಿನ ಕೊಂಕಣ ರೈಲ್ವೆಯ 741 ಕಿಲೋಮೀಟರ್ ದಾರಿಯಲ್ಲಿ 91 ಸುರಂಗಗಳಿವೆ. ಉಕ್ಷಿ ಮತ್ತು ಭೋಕೆ ನಡುವಿನ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್. 1998ರಲ್ಲಿ ಈ ದಾರಿ ತೆರೆದಾಗ ಅಷ್ಟುದ್ದದ ರೈಲು ಸುರಂಗ ದೇಶದಲ್ಲಿ ಬೇರೆ ಇರಲಿಲ್ಲ.

2023ರ ಮೇ ತಿಂಗಳಲ್ಲಿ ಅತ್ತೆಯನ್ನು ಊರಿಗೆ ಬಿಡಲು ಹೊರಟಿದ್ದೆ. ಅತ್ತೆ ಎಂದರೆ ನನ್ನ ಸೋದರಮಾವನ ಹೆಂಡತಿ. ಕರ್ಬುಡೆಯೊಳಗೆ ಎಲ್ಲರ ವಿಡಿಯೊಗಳೂ ಒಟ್ಟಿಗೆ ನಿಂತುಹೋದಾಗ, ಅತ್ತೆಯ ಸೆರಗಿನ ಮರೆಯಲ್ಲಿದ್ದ ಕೀಪ್ಯಾಡ್ ಫೋನಿನಿಂದ ಮಾತ್ರ ಚೆಂಡೆಯ ಸದ್ದು ಬರುತ್ತಲೇ ಇತ್ತು. ತಾಳಮದ್ದಳೆ. ಎದುರಿನ ಸೀಟಿನಲ್ಲಿದ್ದ ಹುಡುಗ, ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದುವವನು, ಕಿವಿಯಿಂದ ಇಯರ್‌ಫೋನ್ ತೆಗೆದು ಕೇಳಿದ: "ಆಂಟಿ, ನಿಮ್ಮದು ಯಾವ ನೆಟ್‌ವರ್ಕ್?"

"ಇದಕ್ಕೆ ನೆಟ್ಟೂ ಇಲ್ಲ, ವರ್ಕೂ ಇಲ್ಲ ಮಾಣಿ. ಎಲ್ಲ ಒಳ್ಗೇ ಇತ್ತ್" ಅಂದರು ಅತ್ತೆ.

ಒಳಗೆ ಇದ್ದದ್ದು ನಾಲ್ಕು ಜಿಬಿಯ ಒಂದು ಮೈಕ್ರೊ ಎಸ್‌ಡಿ ಕಾರ್ಡು. ಹಿಂದಿನ ವರ್ಷ ತೀರಿಕೊಂಡ ಮಾವನದು. ಸಾಫ್ಟ್‌ವೇರ್ ಕೆಲಸದಲ್ಲಿ ಇಪ್ಪತ್ತು ವರ್ಷ ಸವೆಸಿದ ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಮುಂಬಯಿಗೆ ಬಂದ ನಮ್ಮವರು ತಮಗೆ ಬೇಕಾದ ದನಿಯನ್ನೂ ಮಾತನ್ನೂ ಹೇಗೆಲ್ಲ 'ಒಳಗೆ' ಇಟ್ಟುಕೊಳ್ಳುತ್ತ ಬಂದರು ಎಂದು ಲೆಕ್ಕ ಹಾಕುತ್ತ ಮಡಗಾಂವ್ ಬರುವವರೆಗೂ ಎಚ್ಚರವಿದ್ದೆ. ಈ ಬರಹ ಆ ಲೆಕ್ಕ.

ಮಾವ ಮುಂಬಯಿಗೆ ಬಂದದ್ದು 1974ರಲ್ಲಿ, ಹದಿನಾಲ್ಕನೇ ವಯಸ್ಸಿಗೆ. ಹಗಲು ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಟೇಬಲ್ ಒರೆಸುವುದು, ಸಂಜೆ ರಾತ್ರಿಶಾಲೆ. ಈ ರಾತ್ರಿಶಾಲೆಗಳ ಕಥೆಯೇ ಒಂದು ಪುಸ್ತಕಕ್ಕಾಗುವಷ್ಟಿದೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಹೋಟೆಲ್ ಹುಡುಗರಿಗೆ ಕನ್ನಡದಲ್ಲಿ ಪಾಠ ಹೇಳಿಸದಿದ್ದರೆ ಇವತ್ತಿನ ಮುಂಬಯಿ ಕನ್ನಡಿಗರಲ್ಲಿ ಅರ್ಧ ಜನರ ಅಪ್ಪಂದಿರು ಸಹಿ ಹಾಕಲು ಹೆಬ್ಬೆಟ್ಟು ಒತ್ತುತ್ತಿದ್ದರು. ಮಾವ ಅಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಗಲ್ಲೆಯ ಮೇಲೆ ಕೂತರು. ಮಲಗುವುದು ಮಾತ್ರ ಹತ್ತು ಹನ್ನೆರಡು ಜನರ ಒಂದು ಕೋಣೆಯಲ್ಲಿ.

ಆ ಕೋಣೆಗೆ ಊರು ಬರುತ್ತಿದ್ದದ್ದು ಎರಡೇ ದಾರಿಯಿಂದ. ಒಂದು ಇನ್‌ಲ್ಯಾಂಡ್ ಪತ್ರ. ಇನ್ನೊಂದು, ಮಳೆಗಾಲದಲ್ಲಿ ಬರುವ ಕಲಾವಿದರು. ಮಳೆ ಹಿಡಿದರೆ ಊರಲ್ಲಿ ಮೇಳಗಳ ತಿರುಗಾಟ ನಿಲ್ಲುತ್ತದೆ. ಆಗ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬಂದು ಮಾಹೀಮ್, ಮಾಟುಂಗಾ, ಕುರ್ಲಾಗಳ ಸಭಾಗೃಹಗಳಲ್ಲಿ ಆಟ, ತಾಳಮದ್ದಳೆ ನಡೆಸುವುದು ಹಳೆಯ ರೂಢಿ. ಆದರೆ ಆಟ ಮುಗಿದ ಮರುದಿನ ಏನೂ ಉಳಿಯುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಸಾಯುತ್ತ ರಾಮನನ್ನು ಕೇಳಿದ ಪ್ರಶ್ನೆಗಳನ್ನು ಹೋಟೆಲಿನ ಹುಡುಗರು ತಟ್ಟೆ ತೊಳೆಯುತ್ತ ತಮಗೆ ನೆನಪಿದ್ದಷ್ಟು ಹೇಳಿಕೊಳ್ಳುತ್ತಿದ್ದರಂತೆ. ತಪ್ಪಿದರೆ ತಿದ್ದಲು ಯಾರಿಗೂ ಆಧಾರವಿಲ್ಲ.

ಕ್ಯಾಸೆಟ್ ಬಂದದ್ದು ಆ ಜಾಗಕ್ಕೆ. ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ತೋರಿಸಿದ ಈ ಪುಟ್ಟ ಡಬ್ಬಿ ನಮ್ಮವರ ಕೈಗೆಟುಕಿದ್ದು ಎಂಬತ್ತರ ದಶಕದಲ್ಲಿ. ಸೋನಿಯವರು 1979ರಲ್ಲಿ ವಾಕ್‌ಮನ್ ತಂದಾಗ ಜಗತ್ತು ಅದನ್ನು ನಡೆಯುತ್ತ ಸಂಗೀತ ಕೇಳುವ ಶೋಕಿಯಾಗಿ ಕಂಡಿತು. ನಮ್ಮ ಹೋಟೆಲ್ ಹುಡುಗರಿಗೆ ನಡೆಯುತ್ತ ಕೇಳುವ ವಿಷಯವೇ ಬೇಕಾಗಿರಲಿಲ್ಲ, ಇಟ್ಟುಕೊಳ್ಳುವುದು ಬೇಕಾಗಿತ್ತು. ರೇಡಿಯೊದಲ್ಲಿ ಬಂದದ್ದು ಹೋಗುತ್ತದೆ; ಊರಿನ ಆಕಾಶವಾಣಿ ಇಲ್ಲಿಗೆ ಕೇಳಿಸುವುದೂ ಇಲ್ಲ. ಕ್ಯಾಸೆಟ್ ಹಾಗಲ್ಲ, ಬೇಕೆಂದಾಗ ತಿರುಗಿಸಬಹುದು. ಮೂರು ಗಂಟೆಯ ತಾಳಮದ್ದಳೆಗೆ ತೊಂಬತ್ತು ನಿಮಿಷದ ಎರಡು ಕ್ಯಾಸೆಟ್ ಸಾಕು.

ಮಾವ 1983ರಲ್ಲಿ ಒಂದು ಹಳೆಯ ಟೇಪ್ ರೆಕಾರ್ಡರ್ ಕೊಂಡರು. ಕ್ಯಾಸೆಟ್ಟುಗಳ ನಕಲು ಮಾಡಲು ಎರಡು ಡೆಕ್ಕಿನ ಯಂತ್ರ ಬೇಕು, ಅದಕ್ಕೆ ದುಡ್ಡಿರಲಿಲ್ಲ. ಹಾಗಾಗಿ ಅವರ ಪದ್ಧತಿ ಬೇರೆ: ಪಕ್ಕದ ಕೋಣೆಯವರ ಟೇಪನ್ನು ತಂದು ಎದುರಿಗಿಟ್ಟು, ಒಂದು ಹಾಡುವಾಗ ಇನ್ನೊಂದರ ಕೆಂಪು ಗುಂಡಿ ಒತ್ತುವುದು. ಕೋಣೆಯಲ್ಲಿದ್ದವರೆಲ್ಲ ತೊಂಬತ್ತು ನಿಮಿಷ ಉಸಿರು ಬಿಗಿಹಿಡಿದು ಕೂರಬೇಕು. ಹನ್ನೆರಡು ಜನರ ಕೋಣೆಯಲ್ಲಿ ಅದು ಸಾಧ್ಯವೇ? ಕೆಮ್ಮು, ಬಾಗಿಲು, ಬೀದಿಯ ಹಾರ್ನು ಎಲ್ಲ ಟೇಪಿನೊಳಗೆ ಸೇರಿಹೋಗುತ್ತಿತ್ತು. ಎರಡು ಡೆಕ್ಕಿನ ಯಂತ್ರದಲ್ಲೂ ನಕಲಿನ ನಕಲು ಮಾಡಿದಂತೆಲ್ಲ ಹಿಸ್ ಎಂಬ ಸದ್ದು ಏರಿ ಮಾತು ಹಿಂದೆ ಸರಿಯುತ್ತದೆ. ಮಾವನ ಪದ್ಧತಿಯಲ್ಲಂತೂ ಮೂರನೇ ನಕಲಿನಲ್ಲಿ ಭಾಗವತರು ಬಾವಿಯೊಳಗಿಂದ ಹಾಡಿದಂತಿರುತ್ತಿತ್ತು. ಆದರೂ ಕೇಳುತ್ತಿದ್ದರು. ಕಾಳಿಂಗ ನಾವಡರು 1990ರಲ್ಲಿ, ಚಿಕ್ಕ ವಯಸ್ಸಿನಲ್ಲೇ ಅಪಘಾತದಲ್ಲಿ ತೀರಿಕೊಂಡರಲ್ಲ, ಅವರ ಪದ್ಯಗಳು ಇವತ್ತಿಗೂ ಕಿವಿಗೆ ಬೀಳುತ್ತಿರುವುದರಲ್ಲಿ ಇಂಥ ಹುಚ್ಚು ಅಭಿಮಾನಿಗಳ ಕ್ಯಾಸೆಟ್ಟುಗಳ ಪಾಲು ದೊಡ್ಡದು.

ಇನ್ನು ಮೊಬೈಲಿಗೆ ಬರುತ್ತೇನೆ. ದೇಶದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆಯ ಜ್ಯೋತಿ ಬಸು ಅವರಿಂದ ದೆಹಲಿಯ ಸಚಿವ ಸುಖರಾಮ್ ಅವರಿಗೆ. ಅದೇ ವರ್ಷ ಮುಂಬಯಿಗೂ ಸೇವೆ ಬಂತು. ಮಾತಿಗೆ ನಿಮಿಷಕ್ಕೆ ಹದಿನಾರು ರೂಪಾಯಿವರೆಗೆ ಬೀಳುತ್ತಿದ್ದ, ಬರುವ ಕರೆಗೂ ಹಣ ತೆರಬೇಕಿದ್ದ ಆ ಸಾಮಾನು ನಮ್ಮ ಪಾಲಿನದಾಗಿರಲಿಲ್ಲ. ಒಳಬರುವ ಕರೆ ಪುಕ್ಕಟೆಯಾದ 2003ರ ನಂತರವೇ ಹೋಟೆಲಿನ ಗಲ್ಲೆಗಳ ಮೇಲೆ ಮೊಬೈಲುಗಳು ಕಾಣಿಸಿಕೊಂಡವು. ನಾನು ಮುಂಬಯಿಗೆ ಬಂದದ್ದು 2004ರಲ್ಲಿ; ಡೊಂಬಿವಲಿಯಲ್ಲಿ ಬಾಡಿಗೆ ಕೋಣೆ, ಸಾಕಿನಾಕಾದಲ್ಲಿ ಕೆಲಸ.

ಮೊಬೈಲಿನೊಳಗೆ ಆಗ ಇದ್ದದ್ದು ಫೋನ್ ನಂಬರುಗಳು, ಹತ್ತಾರು ಮೆಸೇಜುಗಳು, ಒಂದು ಹಾವಿನ ಆಟ. ಅಷ್ಟನ್ನೇ ನಂಬಿ ಕೆಟ್ಟವನು ನಾನು. 2005ರ ಜುಲೈ 26 ನೆನಪಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾಯಿತು. ಮಧ್ಯಾಹ್ನದ ಹೊತ್ತಿಗೆ ಮೊಬೈಲ್ ಸತ್ತಿತು. ಸಂಜೆ ಬ್ಯಾಟರಿಯೂ ಹೋಯಿತು. ಸಾಕಿನಾಕಾದಿಂದ ಸೊಂಟದವರೆಗಿನ ನೀರಿನಲ್ಲಿ ಘಾಟ್ಕೋಪರಿಗೆ ನಡೆದು, ಮಾವ ಗಲ್ಲೆಯಲ್ಲಿದ್ದ ಹೋಟೆಲು ಸೇರಿದಾಗ ರಾತ್ರಿ ಹತ್ತು. ಊರಿಗೆ ಫೋನ್ ಮಾಡಬೇಕು, ಅಮ್ಮ ಕಾಯುತ್ತಿರುತ್ತಾಳೆ. ಹೋಟೆಲಿನ ಲ್ಯಾಂಡ್‌ಲೈನು ಪುಣ್ಯಕ್ಕೆ ಬದುಕಿತ್ತು. ಆದರೆ ಊರಿನ ನಂಬರು ನನಗೆ ಬಾಯಿಗೆ ಬರುತ್ತಿರಲಿಲ್ಲ! ಅದು ಸತ್ತ ಫೋನಿನೊಳಗಿತ್ತು. ಮಾವ ಏನೂ ಮಾತಾಡದೆ ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ ಹೊದಿಕೆಯ ಒಂದು ಪುಟ್ಟ ಡೈರಿ ತೆಗೆದು ಮುಂದಿಟ್ಟರು. ಮೊದಲ ಪುಟದಲ್ಲೇ ಇತ್ತು. ಮರುವರ್ಷ ಜುಲೈ 11ರಂದು ವೆಸ್ಟರ್ನ್ ಲೈನಿನ ರೈಲುಗಳಲ್ಲಿ ಏಳು ಬಾಂಬುಗಳು ಸಿಡಿದ ಸಂಜೆಯೂ ಮೊಬೈಲು ಹೀಗೇ ಕೈಕೊಟ್ಟಿತು. ಆ ವೇಳೆಗೆ ನನ್ನ ಕಿಸೆಯಲ್ಲೂ ಡೈರಿ ಇತ್ತು.

ಮೆಮೊರಿ ಕಾರ್ಡು ಬಂದ ಮೇಲೆ ಮೊಬೈಲಿನ ಅರ್ಥವೇ ಬದಲಾಯಿತು. 2003ರ ನೋಕಿಯಾ 6600 ಮಾದರಿಯಲ್ಲಿ 32 ಎಂಬಿಯ ಒಂದು ಕಾರ್ಡು ಬ್ಯಾಟರಿಯ ಕೆಳಗೆ ಕೂರುತ್ತಿತ್ತು. ಎಂಪಿ3 ಕೇಳಲು ಬೇರೆ ತಂತ್ರಾಂಶ ಹಾಕಿಕೊಳ್ಳಬೇಕು. ಹಾಕಿಕೊಂಡರೂ ಅರ್ಧ ಗಂಟೆಯ ಹಾಡು ತುಂಬಿದರೆ ಮುಗಿಯಿತು. 2005ರಲ್ಲಿ ಉಗುರಿನಷ್ಟು ಚಿಕ್ಕದಾದ ಮೈಕ್ರೊ ಎಸ್‌ಡಿ ಬಂತು. ಒಂದೆರಡು ವರ್ಷಗಳಲ್ಲಿ ಒಂದು ಜಿಬಿ ಕಾರ್ಡು ಸಾಮಾನ್ಯರ ಕೈಗೆ ಸಿಕ್ಕಿತು. ಸಾಧಾರಣ ಗುಣಮಟ್ಟದ ಎಂಪಿ3 ನಿಮಿಷಕ್ಕೆ ಒಂದು ಎಂಬಿ ತಿನ್ನುತ್ತದೆ. ಹಾಗಾದರೆ ಒಂದು ಜಿಬಿಯಲ್ಲಿ ಹದಿನೇಳು ಗಂಟೆ. ಎರಡು ಇಡೀ ರಾತ್ರಿಯ ಆಟ! ಮಾವನ ಕ್ಯಾಸೆಟ್ ಪೆಟ್ಟಿಗೆ ಹೆಬ್ಬೆರಳಿನ ಉಗುರಿನೊಳಗೆ ಕೂತಿತು.

ಆದರೆ ತುಂಬಿಸುವುದು ಹೇಗೆ? ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಇಂಟರ್‌ನೆಟ್ ಇಲ್ಲ. ಇಲ್ಲಿ ಹುಟ್ಟಿಕೊಂಡದ್ದೇ 'ಲೋಡಿಂಗ್' ಅಂಗಡಿ. ಮೊಬೈಲ್ ರಿಪೇರಿ, ರೀಚಾರ್ಜ್, ಝೆರಾಕ್ಸ್ ಇವುಗಳ ನಡುವೆ ಒಂದು ಹಳೆಯ ಕಂಪ್ಯೂಟರು, ಕಾರ್ಡ್ ರೀಡರು, ಗಾಜಿನ ಮೇಲೆ ಅಂಟಿಸಿದ ಕೈಬರಹದ ದರಪಟ್ಟಿ. ಲೋಕಲ್ ನಿಲ್ಲುವ ಪ್ರತಿ ಸ್ಟೇಷನ್ನಿನ ಹೊರಗೂ ಇಂಥವು ಇದ್ದವು. ಡೊಂಬಿವಲಿಯಲ್ಲಿ ನಾನು ಹೋಗುತ್ತಿದ್ದ ಅಂಗಡಿಯಲ್ಲಿ ಒಂದು ಜಿಬಿ ತುಂಬಿಸಲು ಐವತ್ತು ರೂಪಾಯಿ. ಸಿನಿಮಾ ಬೇಕಿದ್ದರೆ ಬೆಂಕಿಪೊಟ್ಟಣದಷ್ಟು ಪರದೆಗೆ ಹೊಂದುವ 3ಜಿಪಿ ರೂಪದಲ್ಲಿ. ನಾಯಕನ ಮುಖ ಯಾವುದು, ಹಿಂದಿನ ಗೋಡೆ ಯಾವುದು ಎಂದು ಊಹಿಸಿಕೊಳ್ಳಬೇಕು. ಸಂಜೆ ಏಳರಿಂದ ಒಂಬತ್ತರವರೆಗೆ ಅಲ್ಲಿ ನಿಲ್ಲಲು ಜಾಗ ಇರುತ್ತಿರಲಿಲ್ಲ. ಭೋಜಪುರಿ ಕೇಳುವ ಟ್ಯಾಕ್ಸಿಯವರು, ಕೀರ್ತನೆ ಕೇಳುವ ಮರಾಠಿ ಅಜ್ಜಂದಿರು, ಕವ್ವಾಲಿ ಕೇಳುವ ಜರಿ ಕೆಲಸದವರು ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿರುತ್ತಿದ್ದರು. ಮುಂಬಯಿ ಎಂಬ ಊರಿನ ನಿಜವಾದ ಜನಗಣತಿ ಆ ಕಂಪ್ಯೂಟರಿನ ಫೋಲ್ಡರುಗಳಲ್ಲಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕನ್ನಡಕ್ಕೆ ಪ್ರತ್ಯೇಕ ಫೋಲ್ಡರು ಇರಲಿಲ್ಲ. 'ಸೌತ್' ಎಂಬ ಒಂದರೊಳಗೆ ತಮಿಳು, ತೆಲುಗಿನ ಹಾಡುಗಳ ನಡುವೆ ನಾಲ್ಕೈದು ಕನ್ನಡ ಸಿನಿಮಾ ಹಾಡು ಇದ್ದವು, ಅಷ್ಟೆ. 2008ರ ಗಣೇಶ ಚತುರ್ಥಿಗೆ ಊರಿಗೆ ಹೋದಾಗ ಕುಂದಾಪುರದ ಬಸ್ಟ್ಯಾಂಡಿನ ಹತ್ತಿರ ಇಂಥದೇ ಅಂಗಡಿ ಕಂಡೆ. ಅಲ್ಲಿ ಬಡಗು, ತೆಂಕು, ತಾಳಮದ್ದಳೆ, ಭಾವಗೀತೆ, ತುಳು ನಾಟಕ ಎಂದು ವಿಂಗಡಣೆಯೇ ಇತ್ತು. ಎರಡು ಕಾರ್ಡು ತುಂಬಿಸಿಕೊಂಡು ಬಂದೆ. ಡೊಂಬಿವಲಿಯ ಅಂಗಡಿಯವನು ಅದನ್ನು ನೋಡಿ, "ಇದನ್ನು ನಾನು ಕಾಪಿ ಮಾಡಿಕೊಳ್ಳಲಾ? ಆರು ತಿಂಗಳು ನಿಮಗೆ ಫ್ರೀ ಲೋಡಿಂಗ್" ಅಂದ. ಒಪ್ಪಿದೆ. ಮುಂದಿನ ದೀಪಾವಳಿಯ ಹೊತ್ತಿಗೆ ಕಲ್ಯಾಣದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಯಾರದೋ ಫೋನಿನಿಂದ ಅದೇ ಕಡತ, ಅದೇ ಜಾಗದಲ್ಲಿ ತುಂಡಾಗುವ ಅದೇ ಪದ್ಯ ಕೇಳಿ ಬೆಚ್ಚಿಬಿದ್ದೆ. ಬ್ಲೂಟೂತ್ ಮೂಲಕ ಕೈಯಿಂದ ಕೈಗೆ ದಾಟುತ್ತ ಹೋಗಿತ್ತು. ಮಾವನ ಕ್ಯಾಸೆಟ್ ಕಾಲಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲಿತ್ತು: ಡಿಜಿಟಲ್ ಕಡತದ ನೂರನೆಯ ನಕಲೂ ಮೊದಲಿನದರಷ್ಟೇ ಸ್ಪಷ್ಟ.

ಇದು ಕಳ್ಳತನವೇ, ಅದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ. ಸಾಲ ಮಾಡಿ ತಾಳಮದ್ದಳೆ ಧ್ವನಿಮುದ್ರಿಸಿದ ಸಣ್ಣ ಸಂಸ್ಥೆಗಳಿಗೂ, ಅರ್ಥ ಹೇಳಿದ ಕಲಾವಿದರಿಗೂ ನಮ್ಮ ಐವತ್ತು ರೂಪಾಯಿಯಲ್ಲಿ ಒಂದು ಪೈಸೆ ಸಲ್ಲಲಿಲ್ಲ. ಸಂಗೀತ ಕಂಪನಿಗಳ ಒಕ್ಕೂಟ 2010ರ ಸುಮಾರಿಗೆ ಇಂಥ ಅಂಗಡಿಗಳಿಗೆ ಪರವಾನಗಿ ಕೊಡುವ ಯೋಜನೆಯನ್ನೂ ತಂದಿತು. ನಮ್ಮ ಅಂಗಡಿಯ ಗೋಡೆಯ ಮೇಲೆ ಅಂಥ ಕಾಗದ ಯಾವತ್ತೂ ಕಾಣಲಿಲ್ಲ. ಕೊಳ್ಳುವ ದಾರಿ ಇದ್ದಿದ್ದರೆ ಕೊಳ್ಳುತ್ತಿದ್ದೆವೇ? ಕೆಲವರು ಕೊಳ್ಳುತ್ತಿದ್ದರು, ಮಾವ ಖಂಡಿತ ಕೊಳ್ಳುತ್ತಿದ್ದರು, ಅವರಿಗೆ ಹೋಟೆಲಿನಲ್ಲಿ ಬಿಲ್ಲು ಕೊಡದೆ ಎದ್ದುಹೋಗುವವರನ್ನು ಕಂಡರೆ ಆಗುತ್ತಿರಲಿಲ್ಲ. ನನ್ನ ಮಟ್ಟಿಗೆ ಅಷ್ಟು ಧೈರ್ಯವಾಗಿ ಹೇಳಲಾರೆ.

ಕೇಳುವುದು ಹೀಗೆ ಸರಾಗವಾಯಿತು, ಓದುವುದು ಆಗಲಿಲ್ಲ. ಕನ್ನಡ ಅಕ್ಷರ ಫೋನಿನಲ್ಲಿ ಮೂಡುತ್ತಿರಲಿಲ್ಲ. ಸಂಪದ 2005ರಲ್ಲೇ ಶುರುವಾಗಿತ್ತು, ಕನ್ನಡ ವಿಕಿಪೀಡಿಯ 2003ರಿಂದ ಇತ್ತು, ಆದರೆ ಫೋನಿನಲ್ಲಿ ತೆರೆದರೆ ಸಾಲುಸಾಲು ಚೌಕಗಳು. ಹಾಡುಗಳ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಆಗ ನಮ್ಮಂಥವರ ನಡುವೆ ಒಂದು ಗುಟ್ಟು ಓಡಾಡುತ್ತಿತ್ತು: ಒಪೆರಾ ಮಿನಿ ಬ್ರೌಸರಿನ ಒಳಗಿನ ಸೆಟ್ಟಿಂಗಿನಲ್ಲಿ ಒಂದು ಕಡೆ 'ಯೆಸ್' ಎಂದು ಬದಲಿಸಿದರೆ, ಕ್ಲಿಷ್ಟ ಲಿಪಿಗಳ ಅಕ್ಷರಗಳನ್ನು ಅವರ ಸರ್ವರೇ ಚಿತ್ರವಾಗಿ ಬಿಡಿಸಿ ಕಳಿಸುತ್ತದೆ. ನಿಧಾನ, ಮಸುಕು, ಆದರೆ ಕನ್ನಡ! ಪುಟವನ್ನು ಹಾಗೇ ಉಳಿಸಿಕೊಳ್ಳಲೂ ಬರುತ್ತಿತ್ತು. ಆಫೀಸಿನಿಂದ ಹೊರಡುವ ಮೊದಲು ಮೂರ್ನಾಲ್ಕು ಲೇಖನ ಉಳಿಸಿಕೊಂಡು ಘಾಟ್ಕೋಪರಿನಲ್ಲಿ ಫಾಸ್ಟ್ ಲೋಕಲ್ ಹತ್ತುತ್ತಿದ್ದೆ. ಆಗ ಫಾಸ್ಟ್ ಗಾಡಿಗಳು ಠಾಣೆ ದಾಟಿ 1916ರ ಪಾರ್ಸಿಕ್ ಸುರಂಗದ ಮೂಲಕವೇ ಹೋಗುತ್ತಿದ್ದವು. ಬಾಗಿಲ ಬಳಿ ಒಂದು ಕೈಯಲ್ಲಿ ಹಿಡಿಕೆ, ಒಂದು ಕೈಯಲ್ಲಿ ಫೋನು. ಸುರಂಗದ ಕತ್ತಲಲ್ಲಿ ಇಂಥದೇ ಒಂದು ಇ-ಪತ್ರಿಕೆಯ ಕಥೆಯ ಕೊನೆಯ ಪ್ಯಾರಾ ಓದಿದ ಖುಷಿ ಬೇರೆ. 2012ರಲ್ಲಿ ಆಂಡ್ರಾಯ್ಡ್‌ನ ಜೆಲ್ಲಿ ಬೀನ್ ಆವೃತ್ತಿ ಕನ್ನಡವನ್ನು ತಾನಾಗಿ ತೋರಿಸತೊಡಗಿತು, ಚೌಕಗಳ ಕಾಲ ಮುಗಿಯಿತು. ಕಿಂಡಲ್ ಅಂಗಡಿಯಲ್ಲಿ ಮಾತ್ರ 2016ರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳದ ಪುಸ್ತಕಗಳು ಬಂದಾಗ ಕನ್ನಡ ಬಾಗಿಲ ಹೊರಗೇ ನಿಂತಿತ್ತು. ಮೈಲ್ಯಾಂಗ್‌ನಂಥ ಕನ್ನಡಿಗರದೇ ಆಪ್‌ಗಳು ಬರುವವರೆಗೆ ನಮ್ಮ ಓದು ಬಹುಪಾಲು ಪಿಡಿಎಫ್ ಓದು.

ಮುಂಬಯಿಯ ಜನ ಆಫ್‌ಲೈನ್ ಎಂಬ ಪದ ಗೊತ್ತಿಲ್ಲದೆಯೇ ಅದಕ್ಕೆ ಒಗ್ಗಿಕೊಂಡದ್ದು ಬೇರೊಂದು ಆಪ್‌ನಿಂದ, ಎಂ-ಇಂಡಿಕೇಟರ್‌ನಿಂದ. ಸಚಿನ್ ಟೇಕೆ ಎಂಬ ಇಲ್ಲಿಯದೇ ಇಂಜಿನಿಯರು ಮೊದಲು ಸಾದಾ ಜಾವಾ ಫೋನುಗಳಿಗೆಂದು ಮಾಡಿ, 2010ರಲ್ಲಿ ಜನರ ಕೈಗಿತ್ತದ್ದು ಅದು. ಲೋಕಲ್ ರೈಲುಗಳ ಇಡೀ ವೇಳಾಪಟ್ಟಿ ಆಪ್‌ನೊಳಗೇ ಇರುತ್ತದೆ. ಯಾವ ಸ್ಟೇಷನ್ನಿನಿಂದ ಯಾವ ಗಾಡಿ ಎಂದು ನೋಡಲು ನೆಟ್‌ವರ್ಕಿನ ಹಂಗಿಲ್ಲ. ನನಗದು ಸಿಕ್ಕಿದ್ದು 8.14ರ ಗಾಡಿಯ ಸಹಪ್ರಯಾಣಿಕರೊಬ್ಬರಿಂದ, ಬ್ಲೂಟೂತ್‌ನಲ್ಲಿ. ಅಲ್ಲಿಯವರೆಗೆ ಪ್ಲಾಟ್‌ಫಾರ್ಮಿನಲ್ಲಿ ಮಾರುವ ಪುಟ್ಟ ಟೈಮ್‌ಟೇಬಲ್ ಪುಸ್ತಕ ಎಲ್ಲರ ಚೀಲದಲ್ಲಿರುತ್ತಿತ್ತು. ಗಿಜಿಗುಡುವ ದಾದರ್ ಸೇತುವೆಯ ಮೇಲೆ ಸಾವಿರಾರು ಫೋನುಗಳು ಒಂದೇ ಟವರಿಗೆ ಜೋತುಬಿದ್ದಾಗ ಸಿಗ್ನಲ್ಲಿನ ಕಡ್ಡಿಗಳು ತುಂಬಿದ್ದರೂ ಏನೂ ತೆರೆಯುವುದಿಲ್ಲ. ಅಂಥ ಊರಿಗೆ ಎಂಥ ಸಾಧನ ಬೇಕೆಂದು ಲೋಕಲ್ಲಿನಲ್ಲಿ ನೇತಾಡಿದವನಿಗೇ ಹೊಳೆಯಬೇಕು.

ಆಮೇಲಿನದು ನಿಮಗೆಲ್ಲ ಗೊತ್ತಿರುವುದೇ. 2014ರ ಡಿಸೆಂಬರಿನಲ್ಲಿ ಯೂಟ್ಯೂಬು ಭಾರತದಲ್ಲಿ ವಿಡಿಯೊ ಉಳಿಸಿಕೊಳ್ಳುವ ಸೌಲಭ್ಯ ಕೊಟ್ಟಿತು, 48 ಗಂಟೆಗಳ ಮಟ್ಟಿಗೆ. 2016ರ ಜನವರಿಯಲ್ಲಿ ಗೂಗಲ್ಲು ಮತ್ತು ರೈಲ್‌ಟೆಲ್ ಸೇರಿ ಸ್ಟೇಷನ್ನುಗಳಲ್ಲಿ ಪುಕ್ಕಟೆ ವೈಫೈ ಶುರುಮಾಡಿದ್ದು ಮುಂಬೈ ಸೆಂಟ್ರಲ್ಲಿನಿಂದಲೇ. ಗಾಡಿ ಹತ್ತುವ ಕೆಲಸವೇ ಇಲ್ಲದವರು ಅಲ್ಲಿ ಕಂಬಕ್ಕೊರಗಿ ಕೂತು ಸಿನಿಮಾ ಇಳಿಸಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದೇ ವರ್ಷ ಸೆಪ್ಟೆಂಬರ್ 5ಕ್ಕೆ ಜಿಯೊ ಬಂತು, ತಿಂಗಳುಗಟ್ಟಲೆ ಡೇಟಾ ಪುಕ್ಕಟೆ. ವರ್ಷದೊಳಗೆ ಡೊಂಬಿವಲಿಯ ಲೋಡಿಂಗ್ ಅಂಗಡಿ ಮೊಬೈಲ್ ಕವರುಗಳ ಅಂಗಡಿಯಾಯಿತು. ಹೋಗಿ ಮಾತಾಡಿಸಿದೆ. ಹಳೆಯ ಕಂಪ್ಯೂಟರು, ಅದರೊಳಗಿನ ನಮ್ಮ ಫೋಲ್ಡರು ಎಲ್ಲಿ ಎಂದು ಕೇಳಿದೆ. ಗುಜರಿಗೆ ಹಾಕಿದೆ ಅಂದ.

ಈ ಹೊಸ ಉಳಿಕೆಗೂ ಹಳೆಯದಕ್ಕೂ ಒಂದು ಭೇದವಿದೆ, ಅದನ್ನು ನಾವು ಸರಿಯಾಗಿ ಗಮನಿಸಲೇ ಇಲ್ಲ. ಇಂದಿನ ಆಪ್‌ನಲ್ಲಿ ಡೌನ್‌ಲೋಡ್ ಒತ್ತಿದರೆ ಕಡತ ನಮ್ಮ ಫೋನಿಗೆ ಬರುವುದು ನಿಜ. ಬರುವಾಗ ಬೀಗ ಹಾಕಿಕೊಂಡು ಬರುತ್ತದೆ. ಬೇರೆಯವರಿಗೆ ಕೊಡುವಂತಿಲ್ಲ, ಬೇರೆ ಫೋನಿಗೆ ಒಯ್ಯುವಂತಿಲ್ಲ, ಗೊತ್ತಾದ ದಿನಗಳೊಳಗೆ ಮತ್ತೆ ನೆಟ್‌ಗೆ ಸೇರಿ ಅಪ್ಪಣೆ ಪಡೆಯದಿದ್ದರೆ ತೆರೆಯುವುದೇ ಇಲ್ಲ. ಚಂದಾ ನಿಲ್ಲಿಸಿದರೆ ಎಲ್ಲ ಮಾಯ. 2009ರಲ್ಲಿ ಅಮೆಜಾನ್ ಕಂಪನಿ ಹಕ್ಕಿನ ತಕರಾರಿನಿಂದಾಗಿ ಓದುಗರ ಕಿಂಡಲ್‌ಗಳೊಳಗಿಂದ ಒಂದು ಪುಸ್ತಕವನ್ನು ಹೇಳದೆ ಕೇಳದೆ ಅಳಿಸಿಹಾಕಿತ್ತು. ಆ ಪುಸ್ತಕ ಜಾರ್ಜ್ ಆರ್ವೆಲ್ಲನ '1984' ಆಗಿದ್ದರಿಂದ ಜಗತ್ತೆಲ್ಲ ನಕ್ಕಿತು. ಕಂಪನಿ ಕ್ಷಮೆ ಕೇಳಿತು. ನಾನು ಇದೇ ಉದ್ಯಮದಲ್ಲಿ ಅನ್ನ ತಿನ್ನುವವನು, ಇಂಥ ಬೀಗಗಳನ್ನು ಬರೆಯುವ ತಂಡದಲ್ಲೂ ಒಂದು ವರ್ಷ ಇದ್ದೆ. ಕಲಾವಿದರಿಗೆ ದುಡ್ಡು ಸೇರಬೇಕಾದರೆ ಬೀಗ ಬೇಕು ಎಂಬ ವಾದವನ್ನು ಒಪ್ಪುತ್ತೇನೆ. ಆದರೂ ಮಾವನಿಗೆ ಹೊಸ ಸ್ಮಾರ್ಟ್‌ಫೋನ್ ಕೊಡಿಸಿ, ಇನ್ನು ಕಾರ್ಡು ಬೇಡ, ಎಲ್ಲ ಮೇಲೆ ಇದೆ ಎಂದಾಗ ಅವರು ಕೇಳಿದ್ದು, "ಮೇಲೆ ಅಂದ್ರೆ ಯಾರ್ ಮನೆಯಂಗೆ?" ಉತ್ತರ ಹೇಳಲು ತಡಬಡಿಸಿದೆ.

ಅವರು ಮಾಡಿದ್ದು ಬೇರೆ. ತಮ್ಮ ಕ್ಯಾಸೆಟ್ಟುಗಳನ್ನೆಲ್ಲ ಒಬ್ಬ ಪರಿಚಯದ ಹುಡುಗನ ಕೈಯಲ್ಲಿ ಎಂಪಿ3 ಮಾಡಿಸಿ, ನಾಲ್ಕು ಜಿಬಿ ಕಾರ್ಡಿಗೆ ಹಾಕಿಸಿಕೊಂಡು, 2017ರಲ್ಲಿ ಊರಿಗೆ ಹೋಗಿ ನೆಲೆಸಿದರು. ಜಾಗ ಸಾಲದೆಂದು ಕ್ಯಾಸೆಟ್ಟುಗಳನ್ನು ಇಲ್ಲಿಯೇ ಎಸೆದರು. ಕಾರ್ಡು ಶಾಶ್ವತ ಎಂದು ಅವರಿಗೆ ಹೇಳಿದವನು ನಾನೇ. ಅದು ಸುಳ್ಳು ಎಂದು ನನಗೆ ತಿಳಿದಿರಬೇಕಿತ್ತು. ತೊಶಿಬಾ ಕಂಪನಿಯ ಫುಜಿಯೊ ಮಸುಯೊಕಾ 1984ರಲ್ಲಿ ಲೋಕಕ್ಕೆ ತೋರಿಸಿದ ಈ ಫ್ಲ್ಯಾಶ್ ಮೆಮೊರಿಯ ಕ್ರಮ ಹೀಗಿದೆ: ಅತಿ ಸಣ್ಣ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿ ಸುತ್ತ ವಿದ್ಯುತ್ ಹರಿಯದ ಪದರವೊಂದನ್ನು ಕಟ್ಟುವುದು. ಕರೆಂಟು ಹೋದರೂ ಅವು ಅಲ್ಲೇ ಇರುತ್ತವೆ, ಹಾಗಾಗಿಯೇ ಕಾರ್ಡನ್ನು ಕಿಸೆಯಲ್ಲಿಟ್ಟು ತಿರುಗಲು ಆಗುವುದು. ಆದರೆ ಆ ಪದರ ಪೂರ್ತಿ ಭದ್ರವಲ್ಲ. ವರ್ಷಗಳು ಕಳೆದಂತೆ ಎಲೆಕ್ಟ್ರಾನುಗಳು ಒಂದೊಂದಾಗಿ ಸೋರಿಹೋಗುತ್ತವೆ. ಸೆಕೆ ಹೆಚ್ಚಿದ್ದಷ್ಟೂ ಬೇಗ. ಹತ್ತು ವರ್ಷ ಬಾಳಿದರೆ ಬಾಳಿತು. ಅಗ್ಗದ ಕಾರ್ಡುಗಳು, ನಮ್ಮ ಕರಾವಳಿಯ ಸೆಕೆ ಎರಡೂ ಸೇರಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಉಳಿಯಲೆಂದು ಕಾರ್ಡಿಗೆ ಹಾಕಿದ್ದಕ್ಕಿಂತ ಎಸೆದ ಕ್ಯಾಸೆಟ್ಟೇ ಹೆಚ್ಚು ಕಾಲ ಇರುತ್ತಿತ್ತೇನೋ.

ರೈಲಿನ ಆ ಪ್ರಯಾಣದ ಏಳು ತಿಂಗಳ ನಂತರ ಅತ್ತೆಯ ಫೋನು ಬಂತು. "ಮಾಣಿ, ಮಾವನ ಕಾರ್ಡು ಮಾತಾಡುದಿಲ್ಲ." ಅವರ ಮಗ ಕೊರಿಯರ್ ಮಾಡಿದ, ಹತ್ತಿಯಲ್ಲಿ ಸುತ್ತಿ ಗುಳಿಗೆಯ ಡಬ್ಬಿಯೊಳಗೆ ಇಟ್ಟಿದ್ದರು. ನನ್ನ ಲ್ಯಾಪ್‌ಟಾಪಿಗೆ ಅದು ಕಾಣಲೇ ಇಲ್ಲ. ಒಂದು ಶನಿವಾರ ಗ್ರ್ಯಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದೆ. ಇಡೀ ಮುಂಬಯಿಯ ಇಲೆಕ್ಟ್ರಾನಿಕ್ಸ್ ಹುಟ್ಟಿ ಸಾಯುವ ಬೀದಿ ಅದು. ಮೂರನೆಯ ಅಂಗಡಿಯವರು ಬಿಟ್ಟುಹೋಗಲು ಹೇಳಿದರು. ನಾಲ್ಕು ದಿನದ ಮೇಲೆ ಒಂದು ಪೆನ್‌ಡ್ರೈವ್ ಕೈಗಿಟ್ಟರು: 140 ಕಡತಗಳಲ್ಲಿ 93 ಸಿಕ್ಕಿವೆ, ಉಳಿದವು ಇಲ್ಲ, ಹೆಸರುಗಳೆಲ್ಲ ಹೋಗಿವೆ.

ಡೊಂಬಿವಲಿಯ ಗಾಡಿಯಲ್ಲಿ ಕೂತು ಇಯರ್‌ಫೋನ್ ಹಾಕಿ ಒಂದೊಂದಾಗಿ ತೆರೆದು ಹೆಸರು ಬರೆಯುತ್ತ ಬಂದೆ. ಇದು ಕೃಷ್ಣಸಂಧಾನ, ಇದು ಸುಧನ್ವ, ಇದು ವಾಲಿ. ಬಹುಪಾಲು ಇವತ್ತು ಯೂಟ್ಯೂಬಿನಲ್ಲಿ ಇದಕ್ಕಿಂತ ಚೊಕ್ಕವಾಗಿ ಸಿಗುವಂಥವೇ. ಇಷ್ಟಕ್ಕೆ ಇಷ್ಟು ದುಡ್ಡು ಸುರಿದೆನಲ್ಲ ಎಂದೂ ಅನ್ನಿಸಿತು. ಭಾಂಡುಪ್ ದಾಟುವಾಗ ವಾಲಿಯ ನಡುವೆ ಕುಕ್ಕರ್ ಕೂಗಿತು. ಹಿಂದೆಯೇ ಬಾಗಿಲು ತೆರೆದ ಸದ್ದು, "ನಳ್ಳಿ ಬಂತ್ರೋ" ಎಂದು ಯಾರೋ ಕೂಗಿದ್ದು, ಬಕೆಟ್ಟುಗಳ ಗದ್ದಲ. ಅಷ್ಟರಲ್ಲಿ ಟೇಪಿಗೆ ತೀರಾ ಹತ್ತಿರದಿಂದ, ಎಳೆಯ ದನಿಯೊಂದು, ಸಿಟ್ಟು ತಡೆದುಕೊಂಡು ಪಿಸುಗುಟ್ಟಿತು: "ಸುಮ್ನಿರ್ರಾ, ರೆಕಾರ್ಡ್ ಆತಾ ಇತ್ತ್."

ಇಪ್ಪತ್ಮೂರು ವರ್ಷದ ಮಾವ. ನಾನು ಆ ದನಿಯನ್ನು ಕೇಳಿದ್ದೇ ಇರಲಿಲ್ಲ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವರ ಗಂಟಲು ಬೀಡಿಯಿಂದ ಒರಟಾಗಿತ್ತು. ಠಾಣೆ ಬಂದು ಹೋಯಿತು. ನಾಲ್ಕು ಸಲ ಹಿಂದಕ್ಕೆ ಸರಿಸಿ ಕೇಳಿದೆ.

ಮನೆಗೆ ಬಂದು ಎಲ್ಲವನ್ನೂ ಮೂರು ಕಡೆ ನಕಲು ಮಾಡಿಟ್ಟೆ. ಹೊಸ ಕಾರ್ಡೊಂದಕ್ಕೆ ತುಂಬಿಸಿ ಅತ್ತೆಗೂ ಕಳಿಸಿದೆ, ಫೋನಿನಲ್ಲಿ ಪಟ್ಟಿ ಓದಿ ಹೇಳಿದೆ. ವಾಲಿಯ ಮಧ್ಯೆ ಮಾವ ಮಾತಾಡಿದ್ದಾರೆ, ಗೊತ್ತಾ ಅಂದೆ. ಗೊತ್ತು, ಮತ್ತೆ ನಾನು ಎಂತಕ್ಕೆ ಅದನ್ನೇ ಹಾಕಿಕೊಂಡಿರ್ತಿದ್ದೆ ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕರ್ಣಪರ್ವ ಸಿಕ್ಕಿತಾ?" ಎಂದು ಕೇಳಿದರು.

ಸಿಗಲಿಲ್ಲ ಅತ್ತೆ, ಅದು ಹೋಯಿತು ಅಂದೆ.

"ಹೋಯ್ಲಿ ಬಿಡು. ಅದು ನಂಗೆ ಬಾಯಿಗೆ ಬತ್ತ್. ನೀನು ಊರಿಗೆ ಬಪ್ಪತ್ತಿಗೆ ಆ ಮಿಷಿನ್ ತಕಂಡ್ ಬಾ."